ಬಿದ್ದ ಮರದ ಬುಡದಲ್ಲಿ ಸಿಕ್ಕ ಕರಿ ಪ್ಲಾಸ್ಟಿಕ್

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುತ್ತಾರೆ. ರಾಯಚೂರಿನ ನಮ್ಮ ಓಣಿಗೆ ಆರು ವರ್ಷದ ಹಿಂದೆ ಭರಣಿ ಬಂದದ್ದು ಬೇರೆ ಬಗೆಯಲ್ಲಿ. ಮಧ್ಯಾಹ್ನವಿಡೀ 42 ಡಿಗ್ರಿ ಬಿಸಿಲು. ಸಂಜೆ ಐದರ ಹೊತ್ತಿಗೆ ಆಕಾಶ ಮಣ್ಣಿನ ಬಣ್ಣಕ್ಕೆ ತಿರುಗಿತು. ಮೊದಲು ಧೂಳು, ಆಮೇಲೆ ಗಾಳಿ, ಕೊನೆಗೆ ಲೆಕ್ಕಕ್ಕೆಂಬಂತೆ ನಾಲ್ಕು ಹನಿ. ಅಷ್ಟರೊಳಗೆ ಹನ್ನೊಂದು ವರ್ಷದ ಗುಲ್‌ಮೊಹರ್ ಕಾಂಪೌಂಡ್ ಗೋಡೆಯನ್ನೂ ಕರೆದುಕೊಂಡು ರಸ್ತೆಗೆ ಮಲಗಿತ್ತು.

ನೋಡಲು ಬಂದವರೆಲ್ಲ ಗಾಳಿಯನ್ನು ಬೈದರು. ನಾನೂ ಬೈದೆ. ಮರುದಿನ ಮರ ತುಂಡು ಮಾಡಲು ಬಂದ ಕಟ್ಟಿಗೆ ಅಡ್ಡೆಯ ಚಾಚಾ ಮಾತ್ರ ಕೊಂಬೆಗಳ ಕಡೆ ತಿರುಗಿಯೂ ನೋಡದೆ ಸೀದಾ ಬುಡಕ್ಕೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತರು. ಕುಡುಗೋಲಿನ ತುದಿಯಿಂದ ಮಣ್ಣು ಕೆದರಿ, "ಸರ್, ಇಲ್ಲಿ ಬನ್ನಿ" ಎಂದರು. ಬೇರುಗಳು ಬಾವಿಯ ಹಗ್ಗವನ್ನು ಸುತ್ತಿಟ್ಟ ಹಾಗೆ ಒಂದರ ಮೇಲೊಂದು ಸುತ್ತಿಕೊಂಡಿದ್ದವು. ತೋಳಿನಷ್ಟು ದಪ್ಪವಾಗಿದ್ದ ಬೇರೂ ಅದೇ ಸುತ್ತು ಹಾಕಿತ್ತು. ಚಾಚಾ ನಡುವೆ ಬೆರಳು ತೂರಿಸಿ ಏನನ್ನೋ ಎಳೆದರು. ಕರಿ ಪ್ಲಾಸ್ಟಿಕ್ಕಿನ ಚೂರು, ನರ್ಸರಿ ಚೀಲದ ತಳ, ಅದರಲ್ಲಿದ್ದ ನೀರು ಬಸಿಯುವ ತೂತುಗಳು ಇನ್ನೂ ಹಾಗೆಯೇ ಇದ್ದವು.

ಆ ಸಸಿ ನೆಟ್ಟವನು ನಾನೇ. ಬೇರಿನ ಮಣ್ಣು ಉದುರಿದರೆ ಸಸಿ ಸಾಯುತ್ತದೆಂದು ಹೆದರಿ, ಚೀಲದ ಪಕ್ಕ ಸೀಳಿ ತಳವನ್ನು ಹಾಗೇ ಬಿಟ್ಟಿದ್ದೆ. ಆಮೇಲೆ ಹನ್ನೊಂದು ಬೇಸಿಗೆಯೂ ದಿನಕ್ಕೊಂದು ಬಕೆಟ್ ನೀರನ್ನು ಬುಡಕ್ಕೇ ಸುರಿದೆ. ಬಕೆಟ್ ನೀರು ಬುಡದಲ್ಲೇ ಸಿಗುವಾಗ ಬೇರಾದರೂ ದೂರ ಯಾಕೆ ಹೋದೀತು? ಮೇಲೆ ಕೊಡೆಯಂತೆ ಹರಡಿದ್ದ ಮರಕ್ಕೆ ಕೆಳಗೆ ಒಂದು ಬಾಂಡಲಿಯಷ್ಟು ಬೇರು. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದ ಮರ, ಕಟ್ಟಿಗೆ ಪೆಳಸು, ಗಾಳಿಗೆ ಆಗುವುದಿಲ್ಲ ಎನ್ನುತ್ತಾರೆ. ಅದೂ ನಿಜವೇ. ಆದರೆ ನಮ್ಮ ಮರ ಮುರಿದಿರಲಿಲ್ಲ, ಬುಡಸಮೇತ ಕಿತ್ತುಕೊಂಡು ಬಿದ್ದಿತ್ತು.

ಅದೇ ಮುಂಗಾರಿನಲ್ಲಿ, ಎರಡು ಒಳ್ಳೆಯ ಮಳೆ ಆದ ಮೇಲೆ, ಅಲ್ಲೇ ನಾಲ್ಕು ಮಾರು ಆಚೆ ಹೊಂಗೆ ನೆಟ್ಟೆ. ಈ ಸಲ ಎದೆಯೆತ್ತರದ ಸಸಿಯ ಆಸೆ ಬಿಟ್ಟು ಮೊಣಕಾಲುದ್ದದ್ದನ್ನು ತಂದೆ. ಸಣ್ಣ ಚೀಲದಲ್ಲಿ ದೊಡ್ಡ ಸಸಿ ಇದೆಯೆಂದರೆ ಬೇರು ಒಳಗೆ ಗಿರಕಿ ಹೊಡೆಯುತ್ತಿದೆ ಎಂದೇ ಅರ್ಥ. ಚೀಲವನ್ನು ಪೂರ್ತಿ ತೆಗೆದು, ಸುತ್ತಿಕೊಂಡಿದ್ದ ಬೇರುಗಳನ್ನು ಬ್ಲೇಡಿನಿಂದ ಉದ್ದಕ್ಕೆ ನಾಲ್ಕು ಕಡೆ ಕೊಯ್ದೆ. ಕೈ ನಡುಗಿತು, ಸಸಿಗೆ ಏನೂ ಆಗಲಿಲ್ಲ. ತಗ್ಗನ್ನು ಆಳಕ್ಕಿಂತ ಅಗಲಕ್ಕೆ ತೋಡಿದೆ. ನಮ್ಮದು ಎರೆ ಮಣ್ಣು. ಹಾರೆ ಹೊಡೆದ ತಗ್ಗಿನ ಗೋಡೆ ಮಡಕೆಯಂತೆ ನುಣ್ಣಗಾಗುತ್ತದೆ, ಬೇರು ಅದನ್ನು ತೂರದೆ ಮತ್ತೆ ಸುತ್ತು ಹಾಕುತ್ತದೆ. ಹಾಗಾಗಿ ಗೋಡೆಯನ್ನು ಹಾರೆಯಿಂದ ಒರಟಾಗಿ ಕೆತ್ತಿದೆ. ಕಾಂಡ ಅಗಲವಾಗಿ ಬೇರಿಗೆ ತಿರುಗುವ ಜಾಗ ನೆಲದ ಮೇಲೆ ಕಾಣುವಂತೆ ನಿಲ್ಲಿಸಿದೆ. ಆಸರೆಗೆ ಎರಡು ಗೂಟ, ತಂತಿಯ ಬದಲು ಹಳೆಯ ಪಂಚೆಯ ಪಟ್ಟಿ, ಅದೂ ಸಡಿಲಾಗಿ. ಸಸಿ ಗಾಳಿಗೆ ಸ್ವಲ್ಪ ತೂಗಾಡಿದರೇ ಕಾಂಡ ಗಟ್ಟಿಯಾಗುವುದು. ಒಂದು ವರ್ಷಕ್ಕೆ ಗೂಟ ಕಿತ್ತೆ.

ನೀರಿನ ಕ್ರಮವೂ ಬದಲಾಯಿತು. 200 ಲೀಟರಿನ ಡ್ರಮ್ಮಿಗೆ ತಳದಲ್ಲಿ ಸಣ್ಣ ತೂತು ಮಾಡಿ, ಕೊಂಬೆಗಳ ನೆರಳು ಮುಗಿಯುವ ಅಂಚಿನಲ್ಲಿ ಇಡುತ್ತೇನೆ. ನೀರು ತಾಸುಗಟ್ಟಲೆ ತೊಟ್ಟಿಕ್ಕುತ್ತದೆ. ಬಲಿತ ಮರಕ್ಕೆ ಬೇಸಿಗೆಯಲ್ಲಿ ಹತ್ತು ಹನ್ನೆರಡು ದಿನಕ್ಕೊಮ್ಮೆ ಇಷ್ಟು ಸಾಕಾಗುತ್ತದೆ. ಎಳೆಯ ಸಸಿಗೆ ಮೊದಲ ಎರಡು ಬೇಸಿಗೆ ವಾರಕ್ಕೆರಡು ಸಲ, ಕಡಿಮೆ ನೀರು. ಸಾಕಾಯಿತೋ ಇಲ್ಲವೋ ತಿಳಿಯಲು ಒಂದು ಕಬ್ಬಿಣದ ಸರಳು ಇಟ್ಟುಕೊಂಡಿದ್ದೇನೆ. ಮರುದಿನ ನೆಲಕ್ಕೆ ಚುಚ್ಚಿದರೆ ಹಸಿ ಇರುವಷ್ಟು ಆಳಕ್ಕೆ ಸಲೀಸಾಗಿ ಇಳಿದು, ಒಣ ಎರೆ ಸಿಕ್ಕಲ್ಲಿ ಟಕ್ ಎಂದು ನಿಲ್ಲುತ್ತದೆ. ಒಂದೂವರೆ ಅಡಿ ಇಳಿದರೆ ನನಗೆ ಸಮಾಧಾನ. ಮೊದಲ ಸಲ ಹಳೆಯ ಪದ್ಧತಿಯ ಬಕೆಟ್ ನೀರನ್ನು ಹೀಗೆ ಪರೀಕ್ಷಿಸಿದಾಗ ಸರಳು ಒಂದು ಗೇಣೂ ಇಳಿದಿರಲಿಲ್ಲ.

ನೆಲಕ್ಕೆ ಹೊದಿಕೆ ಹಾಕುವುದರಲ್ಲಿ ನನ್ನ ಸಾಹಸ ಓಣಿಗೆಲ್ಲ ಮನರಂಜನೆಯಾಯಿತು. ಎರೆ ಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಆ ಬಿರುಕಿನಲ್ಲಿ ಎಳೆ ಬೇರು ಹರಿಯುತ್ತದೆ, ಮುಚ್ಚಲೇಬೇಕು. ತೊಗರಿ ಹೊಟ್ಟು ತಂದು ಹರಡಿದೆ, ಬೆಳಗಾಗುವುದರೊಳಗೆ ದನಗಳು ಗೇಟು ನೂಕಿ ಬಂದು ಮೇಯ್ದು ಹೋಗಿದ್ದವು. ಅಕ್ಕಿ ಗಿರಣಿಯಿಂದ ಭತ್ತದ ಹೊಟ್ಟು ತಂದೆ, ಒಂದೇ ಗಾಳಿಗೆ ಅದು ಅಡುಗೆಮನೆ ಸೇರಿತು. ಈಗ ಬೇವಿನ ಒಣ ಎಲೆಯನ್ನೇ ನಾಲ್ಕು ಬೆರಳು ದಪ್ಪ ಹಾಸಿ, ಮೇಲೆ ಹತ್ತಿಕಟ್ಟಿಗೆ ಅಡ್ಡಡ್ಡ ಇಡುತ್ತೇನೆ. ಕಾಂಡದಿಂದ ಒಂದು ಗೇಣು ಜಾಗ ಖಾಲಿ ಬಿಡಬೇಕು, ಇಲ್ಲದಿದ್ದರೆ ಗೆದ್ದಲಿಗೆ ನಾವೇ ಏಣಿ ಹಾಕಿಕೊಟ್ಟಂತೆ.

ಅಂಗಳದ ಶಹಾಬಾದ್ ಕಲ್ಲಿನದು ಇನ್ನೊಂದು ಕಥೆ. ಮೇಸ್ತ್ರಿ ಅದನ್ನು ಬೇವಿನ ಬುಡಕ್ಕೆ ಮುಟ್ಟಿಸಿ ಕೂರಿಸಿದ್ದರು, ಸಂದಿಗೆ ಸಿಮೆಂಟು ಬೇರೆ. ಮಧ್ಯಾಹ್ನ ಆ ಕಲ್ಲಿನ ಮೇಲೆ ಬರಿಗಾಲು ಇಡಲಾಗುತ್ತಿರಲಿಲ್ಲ. ಅದರಡಿಯ ಬೇರಿನ ಗತಿ ಊಹಿಸಿ. ಬುಡದ ಸುತ್ತ ಆರು ಕಲ್ಲು ಎಬ್ಬಿಸಿದೆ. ಮನೆಯವರಿಗೆ ಕಸ ಗುಡಿಸುವುದು ಕಷ್ಟವಾಯಿತು, ಆ ದೂರು ಇನ್ನೂ ಮುಗಿದಿಲ್ಲ.

ಆ ಬೇವಿಗೆ ನಾನು ಮಾಡಿದ ಅನ್ಯಾಯ ಅದೊಂದೇ ಅಲ್ಲ. ಗುಲ್‌ಮೊಹರ್ ಬಿದ್ದ ಭಯಕ್ಕೆ ಅದರ ನೆತ್ತಿಯನ್ನೇ ಕಡಿಸಿದೆ, ಅದೂ ಮೇ ತಿಂಗಳಲ್ಲಿ. ಭಾರ ಇಳಿದರೆ ಗಾಳಿ ತಾಗದು ಎಂಬುದು ನನ್ನ ಲೆಕ್ಕ. ಚಾಚಾ ಬೇಡವೆಂದರು, ನಾನು ಬೇರೆ ಆಳು ಕರೆಸಿದೆ. ನೆರಳಿನಲ್ಲೇ ಬೆಳೆದ ತೊಗಟೆ ಏಕಾಏಕಿ ಬಿಸಿಲಿಗೆ ಬಿದ್ದು, ಪಡುವಣ ಮಗ್ಗುಲಲ್ಲಿ ಸುಟ್ಟು ಸೀಳಿತು. ಕಡಿದ ಮೋಟಿನ ಸುತ್ತ ಪೊರಕೆಯಂತೆ ಚಿಗುರು ಎದ್ದಿತು. ಎರಡೇ ವರ್ಷಕ್ಕೆ ಮೊದಲಿನಷ್ಟೇ ಎತ್ತರ. ಆದರೆ ಆ ಚಿಗುರುಗಳು ಒಳಗಿನಿಂದ ಬಂದವಲ್ಲ, ಹೊರಪದರಕ್ಕೆ ಅಂಟಿಕೊಂಡವು. ಕೆಳಗಿನ ಮೋಟು ಕೊಳೆಯುತ್ತಿತ್ತು. ಮೂರನೆಯ ವರ್ಷದ ಗಾಳಿಗೆ ಎರಡು ರೆಂಬೆ ಸಿಪ್ಪೆ ಸುಲಿದಂತೆ ಕಳಚಿ ಬಿದ್ದವು.

ಸೋತು ಚಾಚಾ ಅವರನ್ನೇ ಕರೆದೆ. ಅವರು ಹಂಗಿಸಲಿಲ್ಲ, ಕೂಲಿ ಮಾತ್ರ ಸ್ವಲ್ಪ ಜಾಸ್ತಿ ಹೇಳಿದರು. ಕಡಿಯುವುದೆಂದರೇನೆಂದು ಆಗ ಹತ್ತಿರದಿಂದ ನೋಡಿದೆ. ಕೊಂಬೆ ಕಾಂಡ ಸೇರುವಲ್ಲಿ ಬಳೆ ಹಾಕಿದಂತೆ ಉಬ್ಬು ಇರುತ್ತದೆ. ಮರ ಗಾಯವನ್ನು ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಅವರು ಕಾಂಡದಿಂದ ಒಂದು ಮೊಳ ದೂರದಲ್ಲಿ ಕೊಂಬೆಯ ಕೆಳಗಿನಿಂದ ಗರಗಸ ಹಾಕಿ ಮೂರನೇ ಒಂದು ಭಾಗ ಕೊಯ್ದರು. ಅದರಾಚೆ ನಾಲ್ಕು ಬೆರಳು ಬಿಟ್ಟು ಮೇಲಿನಿಂದ ಕೊಯ್ದಾಗ ಕೊಂಬೆ ತೊಗಟೆ ಸುಲಿಯದೆ ಕಳಚಿತು. ಉಳಿದ ಮೋಟನ್ನು ಉಬ್ಬಿನ ಹೊರಗೆ, ಉಬ್ಬಿಗೆ ಹಲ್ಲು ತಾಗದಂತೆ ತೆಗೆದರು. ಕೊಡಲಿ ಮುಟ್ಟಲಿಲ್ಲ. ನಾನು ಸಗಣಿ ಹಿಡಿದು ನಿಂತಿದ್ದೆ, ಬೇಡವೆಂದರು. ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಕಂಡುಕೊಂಡದ್ದೂ ಇದನ್ನೇ ಎಂದು ಆಮೇಲೆ ಓದಿದೆ: ಮರದ ಗಾಯ ನಮ್ಮದರಂತೆ ಮಾಯುವುದಿಲ್ಲ, ಮರ ಅದರ ಸುತ್ತ ಒಳಗೇ ಗೋಡೆ ಕಟ್ಟಿ ಕೊಳೆತವನ್ನು ತಡೆಯುತ್ತದೆ. ಮೇಲೆ ಬಳಿದ ಬಣ್ಣ, ಡಾಂಬರು ನಮ್ಮ ಸಮಾಧಾನಕ್ಕೆ.

ಈಗ ಕಡಿಸುವುದು ಜನವರಿ, ಫೆಬ್ರವರಿಯಲ್ಲಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಮತ್ತು ಇಕ್ಕಟ್ಟಾದ ಕವಲಿನಲ್ಲಿ ತೊಗಟೆ ಒಳಗೆ ಸಿಕ್ಕಿಕೊಂಡು ಬೆಳೆದ ಜೋಡಿಯಲ್ಲಿ ಒಂದು, ಇಷ್ಟೇ. ಒಂದು ಸಲಕ್ಕೆ ಕಾಲುಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಿಸುವುದಿಲ್ಲ. ನುಗ್ಗೆಯ ಮಾತು ಬೇರೆ, ಅದನ್ನು ಕಾಯಿ ಮುಗಿದ ಮೇಲೆ ಸೊಂಟದೆತ್ತರಕ್ಕೆ ಸವರಿದರೂ ಮತ್ತೆ ಏಳುತ್ತದೆ. ವಿದ್ಯುತ್ ತಂತಿಗೆ ತಾಗುವ ಕೊಂಬೆಗೆ ನಾನಾಗಲಿ ಚಾಚಾ ಆಗಲಿ ಕೈ ಹಾಕುವುದಿಲ್ಲ, ಕಚೇರಿಗೆ ತಿಳಿಸಿ ಲೈನ್ ಬಂದ್ ಮಾಡಿಸಿಯೇ ಕೆಲಸ. ಊರಿನೊಳಗೆ ಮರವನ್ನೇ ಉರುಳಿಸುವುದಾದರೆ, ಸ್ವಂತ ಅಂಗಳದ್ದಾದರೂ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು; ಕೆಲವು ಜಾತಿಗಳಿಗೆ ವಿನಾಯಿತಿ ಇದೆ.

ಈ ವರ್ಷ ಕೃತ್ತಿಕಾ ಮಳೆಯಲ್ಲಿ ಆಲಿಕಲ್ಲು ಬಿದ್ದು ಹೊಂಗೆಯ ಎಲೆಯೆಲ್ಲ ಜರಡಿಯಾಯಿತು. ಗೊಬ್ಬರ ಹಾಕುವ ಕೈಯನ್ನು ತಡೆದುಕೊಂಡೆ. ಮೂರು ವಾರಕ್ಕೆ ತಾನಾಗಿ ಚಿಗುರಿತು. ಬೇವು ಪುಳ್ಳೆ ಉದುರಿಸಿತು, ಕೊಂಬೆ ಬೀಳಲಿಲ್ಲ. ಆದರೆ ಸುಟ್ಟ ಮಗ್ಗುಲಿನ ತೊಗಟೆಯನ್ನು ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಬರುತ್ತಿದೆ. ಚಾಚಾ ಕಿವಿಯಿಟ್ಟು ಕೇಳಿ, ಆ ಮೇಲಿನ ದೊಡ್ಡ ಕೊಂಬೆಯನ್ನು ಜನವರಿಯಲ್ಲಿ ತುಸು ಹಗುರ ಮಾಡೋಣ, ಅಲ್ಲಿಯವರೆಗೆ ಅದರಡಿ ಸ್ಕೂಟರ್ ನಿಲ್ಲಿಸಬೇಡಿ ಎಂದಿದ್ದಾರೆ.