ಹೃದಯ ನಿಂತು ಬದುಕಿ ಬಂದವರಿಗೆ ಬ್ರಿಟನ್ನಿನಲ್ಲಿ ಏನೇನು ಸಿಗುತ್ತದೆ?

ಬ್ರಿಟನ್ನಿನಲ್ಲಿರುವ ಮಗನಿಗೆ ಹೃದಯಸ್ತಂಭನವಾಯಿತು, ಸೊಸೆ ಅಲ್ಲಿನ ತುರ್ತು ಸಂಖ್ಯೆ 999ಕ್ಕೆ ಕರೆ ಮಾಡಿ ಆಂಬುಲೆನ್ಸ್ ಬರುವವರೆಗೆ ಎದೆ ಒತ್ತಿ ಉಳಿಸಿಕೊಂಡಳು ಎಂಬ ಸುದ್ದಿ ಆಳಂದಕ್ಕೋ ಹುಮನಾಬಾದಿಗೋ ಮುಟ್ಟಿದರೆ, ಜೀವ ಉಳಿಯಿತೆಂಬ ಸಮಾಧಾನದ ಬೆನ್ನಿಗೇ ಹಿರಿಯರನ್ನು ಕಾಡುವುದು ಆಸ್ಪತ್ರೆಯ ಬಿಲ್. ವೀಸಾದ ಜೊತೆ ಆರೋಗ್ಯ ಸರ್‌ಚಾರ್ಜ್ ಕಟ್ಟಿ ಅಲ್ಲಿರುವವರಿಗೆ ಎನ್‌ಎಚ್‌ಎಸ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯ, ಆಸ್ಪತ್ರೆಯಲ್ಲಿ ಐಸಿಯು, ಸ್ಟೆಂಟ್, ಲಯ ತಪ್ಪಿದಾಗ ಶಾಕ್ ಕೊಡಲು ಎದೆಯಲ್ಲಿ ಕೂರಿಸುವ ಐಸಿಡಿ, ಯಾವುದಕ್ಕೂ ಬಿಲ್ ಬರುವುದಿಲ್ಲ. ಮಕ್ಕಳನ್ನು ನೋಡಲು ಭೇಟಿ ವೀಸಾದಲ್ಲಿ ಹೋದ ತಂದೆತಾಯಿಯ ಮಾತು ಬೇರೆ. ಇಂಗ್ಲೆಂಡಿನಲ್ಲಿ ತುರ್ತು ವಿಭಾಗದ ಚಿಕಿತ್ಸೆ ಅವರಿಗೂ ಉಚಿತ. ಒಳರೋಗಿಯಾಗಿ ದಾಖಲಾದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ತೆರಬೇಕು. ಆದ್ದರಿಂದ ಊರಿನಿಂದ ಹೊರಡುವ ಮೊದಲೇ ಬಿಪಿ, ಸಕ್ಕರೆ ಕಾಯಿಲೆ, ಹಳೆಯ ಸ್ಟೆಂಟ್ ಏನನ್ನೂ ಮುಚ್ಚಿಡದೆ ಪ್ರಯಾಣ ವಿಮೆ ಮಾಡಿಸಿ.

ಜೀವ ಉಳಿಸುವ ವ್ಯವಸ್ಥೆ ಅಲ್ಲಿ ನೀವು ಕೇಳದೆಯೇ ನಡೆಯುತ್ತದೆ. ಮನೆಗೆ ಬಂದ ಮೇಲಿನ ನೆರವನ್ನು ಮಾತ್ರ ಬಾಯಿಬಿಟ್ಟು ಕೇಳಬೇಕು, ಮತ್ತೆ ಮತ್ತೆ ಕೇಳಬೇಕು. ಬದುಕುಳಿದವರನ್ನು ಬಿಡುಗಡೆಯಾದ ಮೂರು ತಿಂಗಳೊಳಗೆ ಕರೆಸಿ ನೆನಪಿನ ಶಕ್ತಿ, ಮನಸ್ಸಿನ ಸ್ಥಿತಿ, ದಣಿವು ಇವನ್ನು ಪರೀಕ್ಷಿಸಬೇಕು, ಕುಟುಂಬಕ್ಕೂ ಮಾಹಿತಿ ಕೊಡಬೇಕು ಎಂದು ಹೃದಯ ನಿಂತವರನ್ನು ಉಳಿಸುವ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ರಿಸಸಿಟೇಷನ್ ಕೌನ್ಸಿಲ್ ಯುಕೆ ಎಂಬ ಸಂಸ್ಥೆಯ 2021ರ ಮಾರ್ಗಸೂಚಿ ಹೇಳುತ್ತದೆ. ಎಲ್ಲ ಆಸ್ಪತ್ರೆಗಳಲ್ಲೂ ಇದು ತಾನಾಗಿ ಆಗುವುದಿಲ್ಲ. ವಾರ್ಡಿನಿಂದ ಹೊರಬೀಳುವ ಮುನ್ನ ಆ ತಪಾಸಣೆ ಯಾರು, ಯಾವಾಗ ಮಾಡುತ್ತಾರೆ, ಕಾರ್ಡಿಯಾಕ್ ರಿಹ್ಯಾಬ್ (ವ್ಯಾಯಾಮ, ಸಲಹೆಗಳ ಮೂಲಕ ಹೃದಯದ ಚೇತರಿಕೆ) ತರಗತಿಗೆ ಹೆಸರು ಹೋಗಿದೆಯೇ ಎಂದು ವಿಚಾರಿಸಿ, ಉತ್ತರವನ್ನು ಬರೆದಿಟ್ಟುಕೊಳ್ಳಿ.

ಹೃದಯ ನಿಂತ ಹೊತ್ತಿನಲ್ಲಿ ಮಿದುಳಿಗೂ ರಕ್ತ ಹರಿದಿರುವುದಿಲ್ಲ. ತಿಂಗಳುಗಳ ನಂತರವೂ ಹೇಳಿದ್ದನ್ನು ಮರೆಯುವುದು, ಸಣ್ಣ ಮಾತಿಗೆ ಸಿಡುಕುವುದು, ಹತ್ತು ಜನರಿರುವ ಕೋಣೆಯಲ್ಲಿ ಸುಸ್ತಾಗುವುದು ಇದರಿಂದಲೇ ಇರಬಹುದು. ಊರಿನಿಂದ ದಿನವೂ ವಿಡಿಯೊ ಕರೆ ಮಾಡುವವರಿಗೆ ಮುಖ ಚೆನ್ನಾಗಿ ಕಾಣುತ್ತದೆ. ಮಗ ಬೇಕೆಂದೇ ಮಾತು ತಪ್ಪಿಸುತ್ತಿದ್ದಾನೆ ಎಂದು ನೊಂದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ, ಕರೆಗಳನ್ನು ಚಿಕ್ಕದಾಗಿಸಿ. ಅಲ್ಲಿರುವವರು ಇದನ್ನೆಲ್ಲ ಜಿಪಿಗೆ, ಅಂದರೆ ಮನೆಯ ಹತ್ತಿರದ ವೈದ್ಯರಿಗೆ, ಹೇಳಿ ಮಿದುಳಿನ ಪುನಶ್ಚೇತನಕ್ಕೆ ಶಿಫಾರಸು ಪತ್ರ ಕೇಳಬೇಕು.

ಎದೆ ಒತ್ತಿದ ಆ ಸೊಸೆಯನ್ನು ಯಾರು ವಿಚಾರಿಸುತ್ತಾರೆ? ರಾತ್ರಿ ಗಂಡ ಉಸಿರಾಡುತ್ತಿದ್ದಾನೆಯೇ ಎಂದು ಎದ್ದು ನೋಡುವ ಅವಳಿಗೂ ಚಿಕಿತ್ಸೆಯ ಹಕ್ಕಿದೆ. ಇಂಗ್ಲೆಂಡಿನಲ್ಲಿ ಮಾತುಕತೆಯ ಮೂಲಕ ಮನಸ್ಸಿಗೆ ಚಿಕಿತ್ಸೆ ಕೊಡುವ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ವೈದ್ಯರ ಚೀಟಿಯಿಲ್ಲದೆ ತಾವೇ ಹೆಸರು ಕೊಡಬಹುದು. ಇಂಗ್ಲಿಷ್ ತೊಡಕಾದರೆ ಕನ್ನಡ ದುಭಾಷಿ ಬೇಕೆಂದು ಮೊದಲೇ ತಿಳಿಸಿ. ಅದಕ್ಕೆ ಹಣ ಕೊಡಬೇಕಾಗಿಲ್ಲ, ಮಕ್ಕಳನ್ನು ನಡುವೆ ಕೂರಿಸಬೇಕಾಗಿಯೂ ಇಲ್ಲ. ಸಡನ್ ಕಾರ್ಡಿಯಾಕ್ ಅರೆಸ್ಟ್ ಯುಕೆ ಎಂಬ ಸಂಸ್ಥೆಯಲ್ಲಿ ಬದುಕುಳಿದವರು ಮಾತ್ರವಲ್ಲ, ಅವರನ್ನು ಉಳಿಸಿದ ಮನೆಯವರೂ ಪರಸ್ಪರ ಮಾತನಾಡುತ್ತಾರೆ. ಇದೇ ಸಂಕಟ ಕಂಡವರ ಒಂದು ಮಾತು ಕೊಡುವ ಧೈರ್ಯವನ್ನು ನೆಂಟರೆಲ್ಲ ಸೇರಿದರೂ ಕೊಡಲಾರರು.

ಕೆಲಸದ ವಿಷಯಕ್ಕೆ ಬಂದರೆ, ಏಳು ದಿನಕ್ಕಿಂತ ಹೆಚ್ಚು ರಜೆಗೆ ವೈದ್ಯರ ಫಿಟ್ ನೋಟ್, ಅಂದರೆ ಕೆಲಸ ಮಾಡುವ ಸ್ಥಿತಿಯನ್ನು ತಿಳಿಸುವ ಪತ್ರ, ಬೇಕು. ಕಾನೂನಿನ ಪ್ರಕಾರ ಅರ್ಹರಿಗೆ ಗರಿಷ್ಠ 28 ವಾರ ಅನಾರೋಗ್ಯ ವೇತನ ಸಿಗುತ್ತದೆ, ಇದನ್ನು ಪಡೆದರೆ ವೀಸಾಕ್ಕೆ ತೊಂದರೆಯಿಲ್ಲ. ಸರ್ಕಾರಿ ನಿಧಿಯ ನೆರವು ಪಡೆಯುವಂತಿಲ್ಲ ಎಂಬ ಷರತ್ತು ವೀಸಾದಲ್ಲಿದ್ದರೆ ಅಂಗವೈಕಲ್ಯ ಭತ್ಯೆಗೆ ಮಾತ್ರ ಅರ್ಜಿ ಹಾಕಬೇಡಿ. ಹೃದಯಸ್ತಂಭನದ ನಂತರ ಐಸಿಡಿ ಹಾಕಿಸಿಕೊಂಡವರು ವಾಹನ ಚಾಲನಾ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿಯಾದ ಡಿವಿಎಲ್‌ಎಗೆ ತಿಳಿಸಿ, ಆರು ತಿಂಗಳು ಕಾರು ಓಡಿಸದಿರಬೇಕು. ಬಸ್ಸು, ಲಾರಿಯ ಲೈಸೆನ್ಸ್ ಸಿಗುವುದೇ ಇಲ್ಲ.

ಕಾರಣ ವಂಶದಿಂದ ಬಂದದ್ದೆಂದು ತಿಳಿದರೆ ಊರಿನಲ್ಲಿರುವ ಒಡಹುಟ್ಟಿದವರೂ ಪರೀಕ್ಷೆಗೆ ಒಳಗಾಗಬೇಕು. ರೋಗದ ಹೆಸರು ಮತ್ತು ಜೀನ್ ವರದಿ ಇರುವ ಪತ್ರವನ್ನು ಅಲ್ಲಿನ ಕ್ಲಿನಿಕ್ಕಿನಿಂದ ಪಡೆದು ಕಳುಹಿಸಿ. ಬೀದರ್, ಯಾದಗಿರಿಯವರು ಅದನ್ನು ಹಿಡಿದು ಬೆಂಗಳೂರಿಗೆ ಓಡಬೇಕಿಲ್ಲ. ಇಸಿಜಿ, ಎಕೋ ಪರೀಕ್ಷೆಗೆ ಕಲಬುರಗಿಯ ಜಯದೇವ ಆಸ್ಪತ್ರೆಗೆ ಹೋಗಿ ಅಲ್ಲಿನ ಹೃದ್ರೋಗ ತಜ್ಞರಿಗೆ ತೋರಿಸಬಹುದು.