ಸ್ಕ್ಯಾನ್ ನಾರ್ಮಲ್, ನೋವು ಮಾತ್ರ ಹೋಗಿಲ್ಲ: ಇಂಗ್ಲೆಂಡಿನ ಕನ್ನಡತಿಯರಿಗೆ

ಊರಲ್ಲಾದರೆ ಏನು ಮಾಡುತ್ತಿದ್ದೆವು? ಕಿಬ್ಬೊಟ್ಟೆ ನೋವು ಅಂದರೆ ಸೀದಾ ಲೇಡಿ ಡಾಕ್ಟರ್ ಹತ್ತಿರ. ಸಂಜೆಯೊಳಗೆ ಸ್ಕ್ಯಾನಿಂಗ್ ಮುಗಿದು, ರಿಪೋರ್ಟ್ ಕೈಯಲ್ಲಿ. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಹಾಗಾಗುವುದಿಲ್ಲ. ಗೈನಕಾಲಜಿಸ್ಟ್ ಹತ್ತಿರ ಹೋಗಬೇಕೆಂದರೆ ಸಾಮಾನ್ಯವಾಗಿ ಜಿಪಿಯೇ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರೇ ಕಳಿಸಬೇಕು. ಆ ಜಿಪಿ ನಮಗೆ ಸಿಗುವುದು ಸುಮಾರು ಹತ್ತು ನಿಮಿಷ.

ಮೊದಲ ಸಲ ಆ ಹತ್ತು ನಿಮಿಷವನ್ನು ನಾನು ಪೂರ್ತಿ ಹಾಳು ಮಾಡಿಕೊಂಡೆ. ನನಗಿದ್ದದ್ದು ನೋವಿಗಿಂತ ಜಾಸ್ತಿ ಭಾರ. ಸಂಜೆ ಹೊತ್ತಿಗೆ ಒಳಗೆ ಏನೋ ಕೆಳಕ್ಕೆ ಜಗ್ಗಿದ ಹಾಗೆ. ನಾನು ನಾಚಿಕೊಂಡು ಸೊಂಟ ನೋವು ಅಂದೆ, ಜೊತೆಗೆ ಬಂದಿದ್ದ ಯಜಮಾನರು ಅದನ್ನು ಬ್ಯಾಕ್ ಪೇನ್ ಮಾಡಿದರು. ಪ್ಯಾರಾಸಿಟಮಾಲ್ ಸಿಕ್ಕಿತು. ಎರಡನೇ ಸಲ ಅಮ್ಮನ ಮಾತು ಕೇಳಿ ಬಾಡಿ ಹೀಟ್ ಅಂದೆ. ಡಾಕ್ಟರು ಜ್ವರ ನೋಡಿದರು! ನಮ್ಮ ಉಷ್ಣ ಅವರ ಪುಸ್ತಕದಲ್ಲಿಲ್ಲ, ಅವರನ್ನು ಬಯ್ದು ಏನು ಬಂತು?

ಮೂರನೇ ಸಲ ಚೀಟಿಯಲ್ಲಿ ಬರೆದುಕೊಂಡು ಹೋದೆ. ನೋವು ಎಲ್ಲಿ, ಎಷ್ಟು ತಿಂಗಳಿಂದ, ಮುಟ್ಟಿಗೆ ಮುಂಚೆ ಜಾಸ್ತಿಯೋ ಆಮೇಲೋ. ಮೂತ್ರಕ್ಕೆ ಹೋದಾಗ, ಕಕ್ಕಸಿಗೆ ಹೋದಾಗ, ಗಂಡನ ಜೊತೆ ಸೇರಿದಾಗ ನೋಯುತ್ತದೆಯೋ ಇಲ್ಲವೋ. ಹೇಳಲು ಮುಜುಗರವಾಗುವ ಸಾಲೇ ಇಲ್ಲಿ ಮುಖ್ಯವಾದದ್ದು, ಅದನ್ನೇ ಮೊದಲು ಬರೆಯಿರಿ. ಭಾರ ಇದ್ದರೆ ‘ಪೆಲ್ವಿಕ್ ಪ್ರೆಷರ್’, ಜಗ್ಗಿದ ಹಾಗಿದ್ದರೆ ‘ಡ್ರ್ಯಾಗಿಂಗ್’ ಅನ್ನಿ. ಇದರಿಂದ ನಿಂತುಹೋದ ಕೆಲಸವನ್ನೂ ಹೇಳಿ: ‘ತಿಂಗಳಿಗೆ ಮೂರು ದಿನ ಆಫೀಸಿಗೆ ಹೋಗಲು ಆಗುತ್ತಿಲ್ಲ’ ಅನ್ನೋದು ‘ತುಂಬಾ ನೋವು’ ಅನ್ನೋದಕ್ಕಿಂತ ಬೇಗ ಮುಟ್ಟುತ್ತದೆ. ಮನೆಯಲ್ಲಿ ಯಾರಿಗಾದರೂ ಟಿಬಿ ಇದ್ದರೆ ಅದನ್ನೂ ಮರೆಯಬೇಡಿ. ಟಿಬಿ ಗರ್ಭಕೋಶಕ್ಕೂ ಬರಬಹುದು, ವೀಸಾಗೆ ತೆಗೆಸಿದ ಎದೆ ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ.

ಇಂಗ್ಲಿಷ್ ಕಷ್ಟವಾದರೆ ಕನ್ನಡ ದುಭಾಷಿ ಬೇಕೆಂದು ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕೇಳಿ. ದುಡ್ಡು ಕೊಡಬೇಕಿಲ್ಲ, ಹೆಚ್ಚಾಗಿ ಫೋನಿನಲ್ಲೇ ಸಿಗುತ್ತಾರೆ. ಗಂಡನನ್ನೋ ಮಗಳನ್ನೋ ಇದಕ್ಕೆ ಕೂರಿಸಬೇಡಿ, ಅವರ ಮುಂದೆ ಅರ್ಧ ಮಾತು ಗಂಟಲಲ್ಲೇ ಉಳಿಯುತ್ತದೆ. ಲೇಡಿ ಡಾಕ್ಟರ್ ಬೇಕು ಎಂದೂ, ಪರೀಕ್ಷೆ ಹೊತ್ತಿಗೆ ಶಾಪರೋನ್ (ಜೊತೆಗಿರುವ ಸಿಬ್ಬಂದಿ) ಬೇಕು ಎಂದೂ ಕೇಳಬಹುದು. ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕಾಯುವ ಗೋಳು ಈಗ ಸ್ವಲ್ಪ ಕಡಿಮೆ. 2025ರ ಅಕ್ಟೋಬರ್‌ನಿಂದ ಜಿಪಿ ಕ್ಲಿನಿಕ್‌ಗಳು ಆನ್‌ಲೈನ್ ಫಾರ್ಮನ್ನು ವಾರದ ದಿನಗಳಲ್ಲಿ 8ರಿಂದ ಸಂಜೆ 6.30ರವರೆಗೆ ತೆರೆದಿಡಬೇಕು. ತುರ್ತಲ್ಲದ ವಿಷಯವನ್ನು ನಿಧಾನವಾಗಿ ಟೈಪ್ ಮಾಡಿ ಕಳಿಸಿ.

ಬರೀ ಉರಿಮೂತ್ರವಾದರೆ ಜಿಪಿ ತನಕವೂ ಹೋಗಬೇಕಿಲ್ಲ. 16ರಿಂದ 64 ವರ್ಷದ, ಬಸುರಿಯಲ್ಲದ ಹೆಂಗಸರಿಗೆ ಫಾರ್ಮಸಿಯವರೇ ನೋಡಿ, ಬೇಕಾದರೆ ಆಂಟಿಬಯೋಟಿಕ್ ಕೊಡುತ್ತಾರೆ. ಅದೇ ತೊಂದರೆ ಮತ್ತೆ ಮತ್ತೆ ಬಂದರೆ ಜಿಪಿಗೆ ಹೇಳಿ, ಯಾವ ರೋಗಾಣು ಎಂದು ನೋಡುವ ಮೂತ್ರ ಕಲ್ಚರ್ ಮಾಡಿಸಿ.

ಕಾಯಬಾರದ ನೋವೂ ಇದೆ. ಬಸುರಿ ಇರಬಹುದು ಅನ್ನಿಸಿ ಒಂದೇ ಪಕ್ಕ ನೋವು, ಭುಜದ ತುದಿಯಲ್ಲಿ ನೋವು ಅಥವಾ ತಲೆಸುತ್ತು ಬಂದರೆ, ಹಠಾತ್ತನೆ ತಡೆಯಲಾರದ ನೋವು ಬಂದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದು ಜೋಮು ಹಿಡಿದರೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ (ಎ ಆಂಡ್ ಇ) ಹೋಗಿ, ಇಲ್ಲ ಆಂಬುಲೆನ್ಸ್‌ಗೆ 999. ಅನುಮಾನವಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111.

ಇನ್ನು ಸ್ಕ್ಯಾನ್. ಸಾಮಾನ್ಯವಾಗಿ ಯೋನಿಯೊಳಗಿಂದ ಮಾಡುತ್ತಾರೆ. ಮದುವೆಯಾಗದ ಹುಡುಗಿಯರು ಇದಕ್ಕೆ ಹೆದರಿ ಹೋಗದೇ ಇರುವುದುಂಟು. ಬೇಡ ಅನ್ನಬಹುದು, ಹೊಟ್ಟೆಯ ಮೇಲಿಂದ ಮಾಡುತ್ತಾರೆ. ನನ್ನ ರಿಪೋರ್ಟ್ ನಾರ್ಮಲ್ ಬಂತು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರು, ನಾನು ಅತ್ತುಬಿಟ್ಟೆ. ನೋವು ಅಲ್ಲೇ ಇತ್ತಲ್ಲ!

ಎಂಡೋಮೆಟ್ರಿಯೋಸಿಸ್ ಅಂದರೆ ಗರ್ಭಕೋಶದ ಒಳಪದರದಂಥದ್ದೇ ಅದರ ಹೊರಗೆ ಬೆಳೆಯುವ ಕಾಯಿಲೆ. ಸ್ಕ್ಯಾನ್, ಎಂಆರ್‌ಐ ನಾರ್ಮಲ್ ಬಂದರೂ ಅದು ಇಲ್ಲ ಎಂದು ತೀರ್ಮಾನಿಸಬಾರದು ಎಂದು, ಇಲ್ಲಿನ ಡಾಕ್ಟರುಗಳಿಗೆ ಚಿಕಿತ್ಸೆಯ ದಾರಿ ಹೇಳುವ ನೈಸ್ ಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಈ ಒಂದು ವಾಕ್ಯ ಗೊತ್ತಿದ್ದರೆ ಸಾಕು, ವಾಪಸ್ ಹೋಗಲು ಧೈರ್ಯ ಬರುತ್ತದೆ. ಎಂಡೋಮೆಟ್ರಿಯೋಸಿಸ್ ಯುಕೆ ಸಂಸ್ಥೆಯ 2024ರ ವರದಿ ಪ್ರಕಾರ ಈ ದೇಶದಲ್ಲಿ ಅದು ಪತ್ತೆಯಾಗಲು ಸರಾಸರಿ 8 ವರ್ಷ 10 ತಿಂಗಳು ಹಿಡಿಯುತ್ತದೆ. ಅಂದರೆ ಇಂಗ್ಲಿಷ್ ಚೆನ್ನಾಗಿ ಬರುವವರನ್ನೂ ಸುಮ್ನೆ ವಾಪಸ್ ಕಳಿಸುತ್ತಾರೆ, ಅಲ್ವಾ? ಇಂಗ್ಲೆಂಡಿನಲ್ಲಿ ಈಗ ‘ಜೆಸ್ಸ್ ರೂಲ್’ ಇದೆ. 27ನೇ ವಯಸ್ಸಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ಜೆಸಿಕಾ ಬ್ರೇಡಿ ಹೆಸರಲ್ಲಿ 2025ರಲ್ಲಿ ಬಂದದ್ದು. ಅದೇ ತೊಂದರೆಗೆ ಮೂರು ಸಲ ಬಂದವರನ್ನು ಹೊಸದಾಗಿ ನೋಡಿ ಎಂದು ಜಿಪಿಗಳಿಗೆ ಹೇಳುತ್ತದೆ. ‘ಇದು ನನ್ನ ಮೂರನೇ ಭೇಟಿ’ ಎಂದು ಕೂತ ತಕ್ಷಣ ಹೇಳಿಬಿಡಿ.

ರೆಫರಲ್ ಸಿಕ್ಕರೆ ಯಾವ ಆಸ್ಪತ್ರೆ ಎಂದು ಆರಿಸುವ ಹಕ್ಕು ಇಂಗ್ಲೆಂಡಿನಲ್ಲಿ ನಿಮ್ಮದೇ. ಮನೆ ಹತ್ತಿರದ್ದನ್ನೇ ಒಪ್ಪಿಕೊಳ್ಳಬೇಕಿಲ್ಲ, ಎಲ್ಲಿ ಕಾಯುವುದು ಕಡಿಮೆ ನೋಡಿ. ಚಿಕಿತ್ಸೆ 18 ವಾರದೊಳಗೆ ಶುರುವಾಗಬೇಕೆಂಬ ಗುರಿಯಿದೆ, ಗೈನಕಾಲಜಿಯಲ್ಲಿ ಬಹಳ ಸಲ ಅದು ಗುರಿಯಾಗಿಯೇ ಉಳಿಯುತ್ತದೆ.

ಕಾಯುವಾಗ ಪೆಲ್ವಿಕ್ ಫಿಸಿಯೋಗೂ (ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ವ್ಯಾಯಾಮ ಕಲಿಸುವವರು) ಬರೆಯಲು ಜಿಪಿಯನ್ನು ಕೇಳಿ. ಕೆಲವು ಊರುಗಳಲ್ಲಿ ನಾವೇ ಹೆಸರು ಕೊಡಬಹುದು. ನನಗೆ ಗುಣ ಕಂಡದ್ದು ಅಲ್ಲೇ. ಯೂಟ್ಯೂಬ್ ನೋಡಿ ದಿನಾ ಆ ಸ್ನಾಯು ಬಿಗಿಸುವ ಕೀಗಲ್ ವ್ಯಾಯಾಮ ಮಾಡುತ್ತಿದ್ದೆ, ನೋವು ಇನ್ನೂ ಜಾಸ್ತಿಯಾಗಿತ್ತು. ಪರೀಕ್ಷೆ ಮಾಡಿದ ಫಿಸಿಯೋ ಹೇಳಿದರು: ನಿಮ್ಮ ಸ್ನಾಯು ಸಡಿಲವಾಗಿಲ್ಲ, ಬಿಗಿದುಕೊಂಡಿದೆ, ಬಿಗಿದದ್ದನ್ನೇ ಇನ್ನೂ ಬಿಗಿಯುತ್ತಿದ್ದೀರಿ. ಮೊದಲು ಉಸಿರು ಬಿಟ್ಟು ಸಡಿಲಿಸುವುದನ್ನು ಕಲಿಸಿದರು. ಗರ್ಭಕೋಶ ಜಾರಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಬಿಗಿಸುವ ವ್ಯಾಯಾಮವನ್ನು ಹೇಳಿಕೊಟ್ಟು ನಾಲ್ಕು ತಿಂಗಳು ಮಾಡಿಸುತ್ತಾರೆ, ಬೇಕಾದರೆ ಪೆಸರಿ ಎಂಬ ಉಂಗುರ ಕೂರಿಸುತ್ತಾರೆ. ಹಾಗಾಗಿ ಪರೀಕ್ಷೆಯಾಗದೆ ಯಾರ ವಿಡಿಯೋವನ್ನೂ ನಂಬಬೇಡಿ.

ಐವತ್ತು ದಾಟಿದವರು ಹೊಟ್ಟೆ ಉಬ್ಬರವನ್ನು ಗ್ಯಾಸ್ ಎಂದು ಬಿಡಬಾರದು. ಉಬ್ಬರ, ಬೇಗ ಹೊಟ್ಟೆ ತುಂಬುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಮೂತ್ರ, ಇವುಗಳಲ್ಲಿ ಯಾವುದಾದರೂ ತಿಂಗಳಲ್ಲಿ 12 ಸಲಕ್ಕಿಂತ ಜಾಸ್ತಿ ಬಂದರೆ ಸಿಎ 125 ಎಂಬ ರಕ್ತಪರೀಕ್ಷೆ ಕೇಳಿ. ಅಂಡಾಶಯದ ಕ್ಯಾನ್ಸರ್ ಇದೆಯೇ ಎಂದು ನೋಡಲು ಮೊದಲು ಮಾಡುವುದು ಇದನ್ನೇ. ಇಂಥದ್ದೇ ಲಕ್ಷಣದ ಕರುಳಿನ ತೊಂದರೆ ಐಬಿಎಸ್ ಆ ವಯಸ್ಸಲ್ಲಿ ಹೊಸದಾಗಿ ಶುರುವಾಗುವುದು ಅಪರೂಪ.

ಬಾಣಂತನಕ್ಕೆ ಅಂತ ಬಂದ ಅಮ್ಮನಿಗೆ ನೋವು ಬಂದರೆ? ಜಿಪಿ ನೋಡುವುದಕ್ಕೆ ಇಂಗ್ಲೆಂಡಿನಲ್ಲಿ ದುಡ್ಡಿಲ್ಲ, ವಿಸಿಟರ್ ವೀಸಾದಲ್ಲಿದ್ದರೂ ಹೆಸರು ಬರೆಸಬಹುದು. ಆಸ್ಪತ್ರೆಗೆ ಮಾತ್ರ ಬಿಲ್ ಬರುತ್ತದೆ, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ಎ ಆಂಡ್ ಇಯಲ್ಲಿ ನೋಡುವುದು ಉಚಿತ, ಅಡ್ಮಿಟ್ ಆದರೆ ಮೀಟರ್ ಶುರು. ಬಾಕಿ 500 ಪೌಂಡ್ ದಾಟಿ ಎರಡು ತಿಂಗಳು ಉಳಿದರೆ ಮುಂದಿನ ವೀಸಾಗೂ ತೊಂದರೆಯಾಗಬಹುದು. ಟಿಕೆಟ್ ಮಾಡಿಸುವ ದಿನವೇ ಇನ್ಶೂರೆನ್ಸ್ ಮಾಡಿಸಿ, ಹಳೆಯ ಸ್ಕ್ಯಾನ್ ರಿಪೋರ್ಟನ್ನು ಉಪ್ಪಿನಕಾಯಿ ಜೊತೆಗೇ ಪ್ಯಾಕ್ ಮಾಡಲು ಹೇಳಿ.