ಕೊಚ್ಚಿ ಬಂದರಿನಲ್ಲಿ ಸಿಕ್ಕಿಕೊಂಡ ಕಾರು

ದುಬೈನ ಕಾರನ್ನು ರಜೆಗೆ ಮಂಗಳೂರಿಗೆ ತರೋಣ ಅಂತ ಹೊರಟೆ. ಎಡಗಡೆ ಸ್ಟೀರಿಂಗ್. ಬಳಸಿದ ಇಂಥ ಕಾರನ್ನು ಭಾರತಕ್ಕೆ ಶಾಶ್ವತವಾಗಿ ತರಲು ಬಿಡುವುದಿಲ್ಲ, ಹಾಗಾಗಿ ಕಾರ್ನೆಟ್ ಮಾಡಿಸಿದ್ದೆ. ಅದು ಕಾರಿನ ಪಾಸ್‌ಪೋರ್ಟ್ ಇದ್ದ ಹಾಗೆ. ಸುಂಕ ಕಟ್ಟದೆ ತರಬಹುದು, ಅವಧಿಯೊಳಗೆ ವಾಪಸ್ ಒಯ್ಯಬೇಕು.

ಕೊಚ್ಚಿಯಲ್ಲಿ ಕಸ್ಟಮ್ಸ್‌ನವರು ತಡೆದರು. ಚಾಸಿಸ್ ನಂಬರಿನ 8 ಕಾರ್ನೆಟ್‌ನಲ್ಲಿ ‘ಬಿ’ ಆಗಿತ್ತು! ಮೂರು ದಿನ ಸುಮ್ನೆ ಅಲೆದೆ. ಆಮೇಲೆ ನಮ್ಮೂರ ಆರ್‌ಟಿಒ ಏಜೆಂಟರ ಹಳೇ ಉಪಾಯ ನೆನಪಾಯಿತು. ನಂಬರಿನ ಮೇಲೆ ಪೆನ್ಸಿಲ್ ಉಜ್ಜಿ, ಸೆಲ್ಲೋಟೇಪ್ ಒತ್ತಿ ಎತ್ತಿದೆ. 8 ಅಚ್ಚುಕಟ್ಟಾಗಿ ಮೂಡಿತು. ಬಿಳಿ ಹಾಳೆಗೆ ಅಂಟಿಸಿ, ಫೋಟೊ ತೆಗೆದು ದುಬೈನಲ್ಲಿ ಕಾರ್ನೆಟ್ ಕೊಟ್ಟವರಿಗೆ ಕಳಿಸಿದೆ. ಮರುದಿನವೇ ತಿದ್ದುಪಡಿ ಪತ್ರ ಬಂತು, ಸೀಲ್ ಬಿತ್ತು. ಹಡಗಿಗೆಂದು ಬಿಚ್ಚಿದ್ದ ಬ್ಯಾಟರಿ ವೈರ್ ಸಿಕ್ಕಿಸಿ, ಮೊದಲು ಪೆಟ್ರೋಲ್ ಬಂಕ್‌ಗೆ ಓಡಿಸಿದೆ. ವಾಪಸ್ ಹೋಗುವಾಗ ನಿರ್ಗಮನದ ಸೀಲ್ ಮರೆತರೆ ಕಾರ್ನೆಟ್‌ಗೆಂದು ಇಟ್ಟ ಠೇವಣಿಗೇ ಕುತ್ತು, ಅದೊಂದು ತಲೆಬಿಸಿ ಬಾಕಿ ಇದೆ.